ಔಷಧಿಗೆ ಒಗ್ಗಿಕೊಂಡವರು ಯಾರು?

ಕೊಟ್ಟ ಮದ್ದು ನಾಟದೆ ಹೋದಾಗ ನಮ್ಮ ಜನ ಒಂದು ಮಾತು ಹೇಳುವುದುಂಟು: ‘ಮೈಗೆ ಔಷಧಿ ಒಗ್ಗಿಹೋಗಿದೆ.’ ಮಾತು ಸೊಗಸಾಗಿದೆ. ಆದರೆ ಆಂಟಿಬಯಾಟಿಕ್‌ಗಳ ವಿಷಯದಲ್ಲಿ ಅದರ ಕರ್ತೃಪದ ತಪ್ಪಿದೆ. ಒಗ್ಗಿಕೊಳ್ಳುವುದು ರೋಗಿಯ ಮೈಯಲ್ಲ, ಆ ಮೈಯನ್ನು ಹೊಕ್ಕಿರುವ ರೋಗಾಣು. ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿದ ನನ್ನಂಥವನಿಗೆ ಈ ಪಲ್ಲಟ ಕಣ್ಣಿಗೆ ಬೀಳುವುದು ಸಹಜವೇ. ಆದರೆ ಇದು ಬರಿಯ ವ್ಯಾಕರಣದ ಪ್ರಶ್ನೆಯಲ್ಲ. ಮೈ ಒಗ್ಗಿಕೊಂಡಿದ್ದರೆ ತೊಂದರೆ ಆ ಒಂದು ಮೈಗೆ ಮಾತ್ರ. ರೋಗಾಣು ಒಗ್ಗಿಕೊಂಡಿದ್ದರೆ, ಅದು ಒಂದು ಮೈಯಿಂದ ಇನ್ನೊಂದಕ್ಕೆ ನಡೆದುಹೋಗುತ್ತದೆ. ಎಂದೂ ಔಷಧಿ ಮುಟ್ಟದವನಿಗೂ ಆ ಔಷಧಿ ನಿಷ್ಫಲವಾಗುತ್ತದೆ. ಇದನ್ನು ತಿಳಿಯಲು ಒಂದು ಒಳ್ಳೆಯ ನಿದರ್ಶನ ಅಮೆರಿಕ ಮತ್ತು ಕೆನಡ ದೇಶಗಳ ದನಗಳ ಶ್ವಾಸರೋಗದಲ್ಲಿ ದೊರೆಯುತ್ತದೆ.

ಆ ದೇಶಗಳಲ್ಲಿ ಮಾಂಸಕ್ಕಾಗಿ ಸಾಕುವ ಕರುಗಳು ಹುಟ್ಟುವುದು ವಿಶಾಲವಾದ ಹುಲ್ಲುಗಾವಲುಗಳಲ್ಲಿ. ಆರೆಂಟು ತಿಂಗಳು ತಾಯಿಯ ಜೊತೆಯಲ್ಲಿ ಮೇಯ್ದುಕೊಂಡಿರುತ್ತವೆ. ಆಮೇಲೆ ಹಾಲು ಬಿಡಿಸುತ್ತಾರೆ. ಹರಾಜಿನ ಸಂತೆಗೆ ಹೊಡೆಯುತ್ತಾರೆ. ಅಲ್ಲಿಂದ ಲಾರಿಗಳಲ್ಲಿ ತುಂಬಿ ನೂರಾರು ಮೈಲಿ ದೂರದ ಟೆಕ್ಸಾಸ್, ಕಾನ್ಸಾಸ್, ನೆಬ್ರಾಸ್ಕ, ಆಲ್ಬರ್ಟ ಪ್ರಾಂತಗಳ ದೊಡ್ಡಿಗಳಿಗೆ ಸಾಗಿಸುತ್ತಾರೆ. ಫೀಡ್‌ಲಾಟ್ ಎಂದು ಕರೆಯುವ ಈ ದೊಡ್ಡಿಗಳಲ್ಲಿ ಸಾವಿರಾರು ರಾಸುಗಳನ್ನು ಒಟ್ಟಿಗೆ ಕೂಡಿ, ಧಾನ್ಯ ತಿನ್ನಿಸಿ ಕೊಬ್ಬಿಸುವುದು ಕ್ರಮ. ತಾಯಿಯ ಅಗಲಿಕೆ, ದಾರಿಯ ಹಸಿವು ನೀರಡಿಕೆ, ಧೂಳು, ಗುರುತಿಲ್ಲದ ಹತ್ತೂರ ಕರುಗಳ ಸಹವಾಸ, ಬಾಯಿಗೆ ಹೊಸದಾದ ಮೇವು, ಇವೆಲ್ಲವೂ ಕೆಲವೇ ದಿನಗಳಲ್ಲಿ ಒಂದರ ಮೇಲೊಂದು ಆ ಎಳೆಯ ಜೀವದ ಮೇಲೆ ಎರಗುತ್ತವೆ. ದೊಡ್ಡಿ ಸೇರಿದ ಮೊದಲ ಕೆಲವು ವಾರಗಳಲ್ಲೇ ಕರು ತಲೆ ತಗ್ಗಿಸಿ, ಕಿವಿ ಜೋತುಬಿಟ್ಟು, ಮೂಗು ಸೋರಿಸುತ್ತ, ಏದುಸಿರು ಬಿಡತೊಡಗುತ್ತದೆ. ಹಳಬರು ಇದಕ್ಕೆ ‘ಸಾಗಾಟದ ಜ್ವರ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ರೋಗಾಣುವಿನ ಪರಿಚಯವಾಗುವ ಮೊದಲೇ ಜನ ರೋಗದ ಕಾರಣವನ್ನು ಅರ್ಧ ಕಂಡುಕೊಂಡಿದ್ದರೆಂದು ಈ ಹೆಸರಿನಿಂದ ತಿಳಿಯುತ್ತದೆ.

ಉಳಿದರ್ಧ ಕಾರಣ ಬ್ಯಾಕ್ಟೀರಿಯಗಳದು. ಮ್ಯಾನ್‌ಹೈಮಿಯ ಹೀಮೊಲಿಟಿಕ, ಪಾಶ್ಚುರೆಲ್ಲ ಮಲ್ಟೊಸಿಡ, ಹಿಸ್ಟೊಫಿಲಸ್ ಸೋಮ್ನೈ, ಮೈಕೊಪ್ಲಾಸ್ಮ ಬೋವಿಸ್ ಎಂಬ ನಾಲ್ಕು ಇಲ್ಲಿ ಮುಖ್ಯ. ಇವು ಹೊರಗಿನಿಂದ ದಾಳಿಯಿಟ್ಟ ವೈರಿಗಳೇ ಆಗಬೇಕೆಂದಿಲ್ಲ. ಮೊದಲ ಎರಡಂತೂ ಆರೋಗ್ಯವಾಗಿರುವ ಕರುವಿನ ಮೂಗು ಗಂಟಲುಗಳಲ್ಲೇ ಸುಮ್ಮನೆ ವಾಸವಾಗಿರುವುದುಂಟು. ಶ್ವಾಸನಾಳದ ಒಳಗೋಡೆಯಲ್ಲಿ ಅತಿ ಸೂಕ್ಷ್ಮವಾದ ರೋಮಗಳಿವೆ. ಉಸಿರಿನ ಜೊತೆ ಬಂದ ಧೂಳನ್ನೂ ಅಣುಜೀವಿಗಳನ್ನೂ ಲೋಳೆಯಲ್ಲಿ ಸಿಕ್ಕಿಸಿ ಮೇಲಕ್ಕೆ ದೂಡುತ್ತಿರುವುದು ಅವುಗಳ ಕೆಲಸ. ದಣಿದ ಕರುವಿಗೆ ಯಾವುದಾದರೊಂದು ವೈರಸ್ ಸೋಂಕಿದರೆ ಈ ಕಾವಲು ಮುರಿಯುತ್ತದೆ. ಆಗ ಮೂಗಿನಲ್ಲಿದ್ದವು ಶ್ವಾಸಕೋಶಕ್ಕೆ ಇಳಿಯುತ್ತವೆ. ಮ್ಯಾನ್‌ಹೈಮಿಯ ಒಂದು ವಿಷವನ್ನು ಸ್ರವಿಸಿ, ತನ್ನನ್ನು ಕೊಲ್ಲಲು ಬಂದ ಬಿಳಿಯ ರಕ್ತಕಣಗಳನ್ನೇ ಒಡೆಯುತ್ತದೆ. ಒಡೆದ ಕಣಗಳಿಂದ ಚೆಲ್ಲಿದ ತೀಕ್ಷ್ಣ ದ್ರವ್ಯಗಳು ಶ್ವಾಸಕೋಶವನ್ನು ಕೆಡಿಸುತ್ತವೆ.

2011ರಲ್ಲಿ ಅಮೆರಿಕದ ಕೃಷಿ ಇಲಾಖೆ ದೊಡ್ಡ ಫೀಡ್‌ಲಾಟ್‌ಗಳ ಸಮೀಕ್ಷೆ ನಡೆಸಿತು. ನೂರಕ್ಕೆ ಸುಮಾರು 16 ರಾಸುಗಳು ಈ ರೋಗಕ್ಕೆ ತುತ್ತಾಗಿದ್ದವು. ನೂರಕ್ಕೆ ಸುಮಾರು 21 ರಾಸುಗಳಿಗೆ ರೋಗದ ಲಕ್ಷಣ ಕಾಣುವ ಮೊದಲೇ, ತಂಡಕ್ಕೆ ತಂಡವನ್ನೇ ಸಾಲಾಗಿ ನಿಲ್ಲಿಸಿ ಆಂಟಿಬಯಾಟಿಕ್ ಕೊಡಲಾಗಿತ್ತು. ಇದನ್ನು ಬರಿಯ ದುರಾಶೆಯೆನ್ನುವುದು ಅನ್ಯಾಯವಾದೀತು. ದನ ತನ್ನ ಬೇನೆಯನ್ನು ಬೇಗ ತೋರಗೊಡುವ ಪ್ರಾಣಿಯಲ್ಲ. ತೋರುವಷ್ಟರಲ್ಲಿ ಶ್ವಾಸಕೋಶ ಕೆಟ್ಟಿರುತ್ತದೆ. ಅಪಾಯದಲ್ಲಿರುವ ತಂಡಕ್ಕೆ ಮೊದಲೇ ಔಷಧಿ ಕೊಟ್ಟರೆ ಸಾವು ಕಡಿಮೆಯಾಗುವುದೂ ನಿಜ. ಆದರೆ ಆ ಲಾಭಕ್ಕೆ ತೆರಬೇಕಾದ ಬೆಲೆಯೊಂದುಂಟು.

ಅದೇನೆಂದರೆ: ಕೋಟ್ಯಂತರ ಬ್ಯಾಕ್ಟೀರಿಯಗಳ ಗುಂಪಿನಲ್ಲಿ ಎಲ್ಲವೂ ಒಂದೇ ಅಚ್ಚಿನವಲ್ಲ. ಯಾವುದೋ ಒಂದರಲ್ಲಿ ಔಷಧಿಯನ್ನು ಒಳಗೆ ಬಂದಂತೆಯೇ ಹೊರಕ್ಕೆ ತಳ್ಳುವ ಪಂಪು ಇದ್ದೀತು. ಇನ್ನೊಂದರಲ್ಲಿ ಔಷಧಿ ಹೋಗಿ ಕೂರಬೇಕಾದ ಜಾಗವೇ ತುಸು ಮಾರ್ಪಟ್ಟಿದ್ದೀತು. ಮತ್ತೊಂದು ಔಷಧಿಯನ್ನು ಕತ್ತರಿಸಿಹಾಕುವ ಕಿಣ್ವವನ್ನು ತಯಾರಿಸೀತು. ಔಷಧಿ ಈ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಆರಿಸುತ್ತದೆ. ಕೆನಡದ ಯೂಕಾನ್ ಪ್ರದೇಶದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿಯೂ ಇಂಥ ನಿರೋಧದ ಜೀನ್‌ಗಳು ದೊರೆತುವೆಂದು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮನುಷ್ಯ ಪೆನಿಸಿಲಿನ್ನನ್ನು ಕಂಡದ್ದು 1928ರಲ್ಲಿ. ಅದಕ್ಕೆದುರಾದ ಆಯುಧ ಸಾವಿರಾರು ವರ್ಷಗಳ ಹಿಂದೆಯೇ ಮಣ್ಣಿನಲ್ಲಿತ್ತು. ಔಷಧಿ ಬಿದ್ದಾಗ ಸೌಮ್ಯವಾದವು ಸಾಯುತ್ತವೆ. ನಿರೋಧವುಳ್ಳ ಒಂದೆರಡು ಉಳಿದು, ಖಾಲಿಯಾದ ಜಾಗವನ್ನೆಲ್ಲ ತಮ್ಮ ಸಂತಾನದಿಂದ ತುಂಬುತ್ತವೆ. ಕಳೆ ಕಿತ್ತು ಪೈರನ್ನು ಉಳಿಸುವುದು ರೈತನ ಕ್ರಮ. ಇಲ್ಲಿ ನಡೆಯುವುದು ಅದರ ವಿಪರ್ಯಾಸ.

ಇಷ್ಟೇ ಆಗಿದ್ದರೆ ಒಂದು ಔಷಧಿ ಕೆಟ್ಟಾಗ ಇನ್ನೊಂದಕ್ಕೆ ಕೈಹಾಕಬಹುದಿತ್ತು. ಆದರೆ ಬ್ಯಾಕ್ಟೀರಿಯಗಳಲ್ಲಿ ಆಸ್ತಿ ತಂದೆಯಿಂದ ಮಗನಿಗೆ ಮಾತ್ರವಲ್ಲ, ನೆರೆಯವನಿಂದ ನೆರೆಯವನಿಗೂ ಸಲ್ಲುತ್ತದೆ. ಎರಡು ಬ್ಯಾಕ್ಟೀರಿಯಗಳು ಒಂದಕ್ಕೊಂದು ತಗುಲಿ ನಿಂತು ಜೀನ್‌ಗಳನ್ನು ದಾಟಿಸುವುದುಂಟು. ಕುಲ ಬೇರೆಯಾದರೂ ಅಡ್ಡಿಯಿಲ್ಲ. 2005ರಲ್ಲಿ ನೆಬ್ರಾಸ್ಕದ ಒಂದು ಫೀಡ್‌ಲಾಟ್‌ನಲ್ಲಿ ಶ್ವಾಸರೋಗದಿಂದ ಸತ್ತ ಕರುವಿನಿಂದ ಪಾಶ್ಚುರೆಲ್ಲದ ಒಂದು ತಳಿಯನ್ನು ಬೇರ್ಪಡಿಸಿದರು. ಅದರ ಆನುವಂಶಿಕ ಬರಹವನ್ನು ಪೂರ್ತಿ ಓದಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು 23 ಲಕ್ಷ ಅಕ್ಷರಗಳ ಆ ಬರಹದಲ್ಲಿ ಸುಮಾರು 82,000 ಅಕ್ಷರಗಳ ಒಂದು ಭಾಗ ಪ್ರಕ್ಷಿಪ್ತವಾಗಿತ್ತು. ಹಸ್ತಪ್ರತಿಗಳ ಪಾಠಶೋಧನೆ ಮಾಡಿದವರಿಗೆ ಪ್ರಕ್ಷೇಪ ಹೊಸದಲ್ಲ. ಆದರೆ ಈ ಪ್ರಕ್ಷೇಪ ತಾನಾಗಿಯೇ ಕಳಚಿಕೊಂಡು ಇನ್ನೊಂದು ಬ್ಯಾಕ್ಟೀರಿಯದೊಳಗೆ ಹೋಗಿ ಅಂಟಿಕೊಳ್ಳಬಲ್ಲದು. ಒಂದೊಂದು ಬಗೆಯ ಔಷಧಿಗೆ ಎದುರಾಗಿ ನಿಲ್ಲುವ ಒಟ್ಟು 12 ನಿರೋಧದ ಜೀನ್‌ಗಳು ಆ ಒಂದೇ ಗಂಟಿನಲ್ಲಿದ್ದುವು. ಪ್ರಯೋಗಾಲಯದಲ್ಲಿ ಆ ಗಂಟು ಮ್ಯಾನ್‌ಹೈಮಿಯಕ್ಕೂ, ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಕ್ಕೂ ದಾಟಿತು.

ಈ ಸಂಗತಿಯಲ್ಲಿ ಅಡಗಿರುವ ಅಪಾಯವನ್ನು ನಾವು ಚೆನ್ನಾಗಿ ಮನಗಾಣಬೇಕು. ಹನ್ನೆರಡೂ ಒಂದೇ ಗಂಟಿನಲ್ಲಿರುವುದರಿಂದ, ದೊಡ್ಡಿಯಲ್ಲಿ ಟೆಟ್ರಾಸೈಕ್ಲಿನ್ ಒಂದನ್ನೇ ಬಳಸಿದರೂ ಉಳಿಯುವುದು ಇಡೀ ಗಂಟು. ಅಂದರೆ ಆ ಕರುಗಳಿಗೆ ಎಂದೂ ಕೊಡದಿದ್ದ ಔಷಧಿಗಳ ವಿರುದ್ಧವೂ ನಿರೋಧ ಬೆಳೆಯುತ್ತದೆ. ಔಷಧಿ ಬದಲಾಯಿಸುತ್ತ ಹೋಗುವ ಉಪಾಯ ಇಲ್ಲಿ ಕೈಕೊಡುತ್ತದೆ. ಕಾನ್ಸಾಸ್ ರಾಜ್ಯದ ರೋಗಪರೀಕ್ಷಾ ಪ್ರಯೋಗಾಲಯಕ್ಕೆ ಬಂದ ಮ್ಯಾನ್‌ಹೈಮಿಯದ ಮಾದರಿಗಳಲ್ಲಿ ಐದು ಅಥವಾ ಹೆಚ್ಚು ಔಷಧಿಗಳಿಗೆ ಬಗ್ಗದಿದ್ದವು 2009ರಲ್ಲಿ ನೂರಕ್ಕೆ 5. 2011ರಲ್ಲಿ ನೂರಕ್ಕೆ 35. ಇಂಥ ಕಡೆಗೆ ಬರುವುವು ಹೆಚ್ಚಾಗಿ ಚಿಕಿತ್ಸೆಗೆ ಬಗ್ಗದ ರಾಸುಗಳ ಮಾದರಿಗಳು ಎಂಬುದನ್ನು ನೆನಪಿಡಬೇಕು. ಎಲ್ಲ ಕರುಗಳ ಸ್ಥಿತಿಯೂ ಇದೇ ಎಂದು ಹೇಳಲಾಗದು. ಆದರೂ ಎರಡೇ ವರ್ಷಗಳ ಈ ಏರಿಕೆ ಯೋಚನೆಗೆ ಹಚ್ಚುವಂಥದು.

ದನದ ಕೆಮ್ಮಿನ ಮಾತು ಪಟ್ಟಣದಲ್ಲಿರುವ ನಮಗೇಕೆ ಎಂದು ಕೇಳಬಹುದು. ದೊಡ್ಡಿಯ ಔಷಧಿಗಳೂ ನಮ್ಮ ಆಸ್ಪತ್ರೆಯ ಔಷಧಿಗಳೂ ದಾಯಾದಿಗಳು. ದನಗಳಿಗೆ ಕೊಡುವ ಟುಲಾಥ್ರೊಮೈಸಿನ್ ನಮ್ಮ ಎರಿಥ್ರೊಮೈಸಿನ್‌ನ ವಂಶದ್ದು. ಫ್ಲಾರ್ಫೆನಿಕಾಲ್ ಎಂಬುದು, ಒಂದು ಕಾಲಕ್ಕೆ ವಿಷಮಶೀತ ಜ್ವರದಿಂದ ಎಷ್ಟೋ ಮನೆಗಳ ಮಕ್ಕಳನ್ನು ಉಳಿಸಿದ ಕ್ಲೊರಾಂಫೆನಿಕಾಲ್‌ನ ಸಂಬಂಧಿ. ಒಂದಕ್ಕೆ ನಿರೋಧ ಕೊಡುವ ಜೀನ್ ಇನ್ನೊಂದಕ್ಕೂ ಕೊಡುವುದುಂಟು. ಈ ಆತಂಕ ಹೊಸದಲ್ಲ. 1969ರಲ್ಲೇ ಬ್ರಿಟನ್ನಿನ ಸ್ವಾನ್ ಸಮಿತಿ ಪಶುಗಳ ಮೇವಿನಲ್ಲಿ ಆಂಟಿಬಯಾಟಿಕ್ ಬೆರೆಸುವುದರ ಬಗ್ಗೆ ಎಚ್ಚರಿಸಿತ್ತು. ಮೈ ಬೆಳೆಸುವುದಕ್ಕಾಗಿ ಅವನ್ನು ಕೊಡುವುದನ್ನು ಯೂರೋಪಿನ ಒಕ್ಕೂಟ 2006ರಲ್ಲಿ ನಿಷೇಧಿಸಿತು. ಮಾನವ ಚಿಕಿತ್ಸೆಗೆ ಮುಖ್ಯವಾದವುಗಳ ಮಟ್ಟಿಗೆ ಅಮೆರಿಕ 2017ರಲ್ಲಿ ಆ ಬಳಕೆಯನ್ನು ನಿಲ್ಲಿಸಿತು. ರೋಗವಿಲ್ಲದ ಪಶುಗಳಿಗೆ ವಾಡಿಕೆಯಾಗಿ ಆಂಟಿಬಯಾಟಿಕ್ ಕೊಡುವುದಕ್ಕೂ ಯೂರೋಪು 2022ರಿಂದ ತಡೆ ಹಾಕಿದೆ.

ನಮ್ಮಲ್ಲಿ ಅಂಥ ದೊಡ್ಡಿಗಳಿಲ್ಲ. ದನ ಎರಡು ನಾಲ್ಕರ ಲೆಕ್ಕದಲ್ಲಿ ಮನೆಮನೆಯ ಕೊಟ್ಟಿಗೆಯಲ್ಲಿದೆ. ಆದರೆ ಪಾಶ್ಚುರೆಲ್ಲ ನಮಗೂ ಹಳೆಯ ಪರಿಚಯವೇ. ಮಳೆಗಾಲದಲ್ಲಿ ಎಮ್ಮೆ ದನಗಳ ಗಂಟಲು ಊದಿಸಿ ಒಂದೆರಡು ದಿನಗಳಲ್ಲೇ ಕೊಂದುಹಾಕುವ ಗಳಲೆ ರೋಗ ಅದೇ ಮಲ್ಟೊಸಿಡದ ಬೇರೊಂದು ಪಂಗಡದ ಕೆಲಸ. ಅದಕ್ಕೆ ಮಳೆ ಹಿಡಿಯುವ ಮುನ್ನ ಲಸಿಕೆ ಹಾಕಿಸುವ ಪದ್ಧತಿ ನಮ್ಮಲ್ಲಿದೆ. ಬೆಂಗಳೂರಿನ ಹೆಬ್ಬಾಳದ ಸಂಸ್ಥೆ ಆ ಲಸಿಕೆಯನ್ನು ತಯಾರಿಸುತ್ತದೆ. ಲಸಿಕೆಯಿಂದ ತಡೆದ ರೋಗಕ್ಕೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಬಳಸದ ಆಂಟಿಬಯಾಟಿಕ್‌ಗೆ ನಿರೋಧವನ್ನು ಆರಿಸುವ ಅವಕಾಶವೂ ಇಲ್ಲ.

ಅಮೆರಿಕದ ಕರುಗಳಿಗೂ ದಾರಿ ಇದೇ. ಮಾರುವುದಕ್ಕೆ ಸುಮಾರು 45 ದಿನ ಮೊದಲೇ ಹುಟ್ಟಿದ ಜಾಗದಲ್ಲಿ ಹಾಲು ಬಿಡಿಸಿ, ಲಸಿಕೆ ಹಾಕಿ, ಗೊಂತಿನ ಮೇವು ತೊಟ್ಟಿಯ ನೀರು ರೂಢಿ ಮಾಡಿಸಿ ಕಳಿಸಿದರೆ ಸಾಗಾಟದ ಜ್ವರ ಕಡಿಮೆಯಾಗುತ್ತದೆಂದು ಅಲ್ಲಿನ ಪಶುವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಎಲ್ಲರೂ ಹಾಗೆ ಮಾಡುವುದಿಲ್ಲ. ಕಾರಣ ಸರಳ: ಆ ದಿನಗಳ ಮೇವಿನ ಖರ್ಚು ಮಾರುವವನದು, ಆರೋಗ್ಯದ ಲಾಭ ಕೊಳ್ಳುವವನದು. ನಡುವೆ ಉಳಿದ ಕಂದರವನ್ನು ಇಷ್ಟು ದಿನ ಆಂಟಿಬಯಾಟಿಕ್‌ನಿಂದ ತುಂಬಿಸಲಾಯಿತು. ಸಾಕಣೆಯ ಕೊರತೆಯನ್ನು ಔಷಧಿಯಿಂದ ನೀಗಿಸಹೊರಟಾಗ ಮೊದಲು ಸವೆಯುವುದು ಆ ಔಷಧಿಯೇ. ಅದು ಸವೆದ ಮೇಲೆ, ಬೇನೆ ಬಿದ್ದ ಕರುವಿನ ಮುಂದೆ ವೈದ್ಯ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಮುಂದೊಂದು ದಿನ ಬೇನೆ ಬಿದ್ದ ಮಗುವಿನ ಮುಂದೆಯೂ ನಿಲ್ಲಬೇಕಾದೀತು.

(ಬಾನುಲಿ ಭಾಷಣ)