ಮುಕ್ತಾಂಗಣ: ನಶೆ ಬಿಟ್ಟವರೇ ಕೈಹಿಡಿಯುವ ಮನೆ

ಪುಣೆಯ ಯರವಡಾ ಎಂದೊಡನೆ ಮೊದಲು ನೆನಪಾಗುವುದು ಜೈಲು. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಉಪವಾಸ ಕೂತದ್ದು, ಪುಣೆ ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲಿಯೇ. ಆಮೇಲೆ ನೆನಪಾಗುವುದು ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆ. ಆದರೆ ಮಹಾರಾಷ್ಟ್ರದ ಸಾವಿರಾರು ಮನೆಗಳಲ್ಲಿ ಯರವಡಾದ ಹೆಸರು ಬೇರೆ ಕಾರಣಕ್ಕೆ ಉಳಿದಿದೆ. ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಲ್ಲಕ್ಕಿ ಪುಣೆಗೆ ಬರುವ ಆಳಂದಿ ರಸ್ತೆಯಲ್ಲಿ, ಮೋಹನವಾಡಿಯಲ್ಲಿ, ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ. ಕೈಬಿಟ್ಟೇಹೋದ ಎಂದುಕೊಂಡಿದ್ದ ಮಗ ಅಲ್ಲಿಂದ ಮನೆಗೆ ಮರಳಿದ್ದಾನೆ.

ಗಾಂಜಾ, ಸಿಂಥೆಟಿಕ್ ಡ್ರಗ್ಸ್ ನಮ್ಮ ಕಾಲೇಜು ಊರುಗಳಿಗೂ ನುಗ್ಗಿರುವ ಈ ದಿನಗಳಲ್ಲಿ ಕರ್ನಾಟಕದ ಅಪ್ಪ ಅಮ್ಮಂದಿರೂ ಈ ಮನೆಯ ಕಥೆಯನ್ನು ತಿಳಿದುಕೊಳ್ಳಬೇಕು.

ಗೆಳೆಯರ ಮಗನಿಂದ ಶುರು

1980ರ ದಶಕದಲ್ಲಿ ಮುಂಬೈ, ಪುಣೆಯ ಬೀದಿಗಳಿಗೆ ಬ್ರೌನ್ ಶುಗರ್ ಬಂತು. ಇದು ಕಲಬೆರಕೆಯ, ಅಗ್ಗದ ಹೆರಾಯಿನ್. ಮರಾಠಿಯಲ್ಲಿ ಇದಕ್ಕೆ ‘ಗರ್ದ್’ ಎನ್ನುತ್ತಾರೆ. ಬೇಗಡೆಯ ಮೇಲೆ ಪುಡಿ ಹಾಕಿ, ಕೆಳಗೆ ಬೆಂಕಿಕಡ್ಡಿ ಹಿಡಿದು, ಏಳುವ ಹೊಗೆಯನ್ನು ಕೊಳವೆಯಲ್ಲಿ ಎಳೆದುಕೊಳ್ಳುತ್ತಾರೆ. ಸೂಜಿ ಇಲ್ಲ, ರಕ್ತ ಇಲ್ಲ. ಸಿಗರೇಟಿನಷ್ಟೇ ಸಲೀಸು ಅನ್ನಿಸುತ್ತದೆ. ಹುಡುಗರು ಬಿದ್ದದ್ದೇ ಅಲ್ಲಿ. ಕೆಲವೇ ವಾರಗಳಲ್ಲಿ ದೇಹ ಅದಿಲ್ಲದೆ ನಡೆಯಲಾರೆ ಎನ್ನುತ್ತದೆ. ಆಮೇಲೆ ಸೇದುವುದು ಸುಖಕ್ಕಲ್ಲ, ನೋವು ತಪ್ಪಿಸಿಕೊಳ್ಳಲು.

ವೈದ್ಯಕೀಯ ಓದಿ ಪತ್ರಿಕಾ ಬರಹಕ್ಕೆ ಬಂದ ಅನಿಲ್ ಅವಚಟ್, ಯರವಡಾದ ಮಾನಸಿಕ ಆಸ್ಪತ್ರೆಯಲ್ಲಿ ಮನೋವೈದ್ಯೆಯಾಗಿದ್ದ ಅವರ ಪತ್ನಿ ಅನಿತಾ, ಇಬ್ಬರಿಗೂ ಈ ಪಿಡುಗು ಹತ್ತಿರದಿಂದ ಕಂಡದ್ದು ಗೆಳೆಯರೊಬ್ಬರ ಮಗ ಇದಕ್ಕೆ ಸಿಕ್ಕಿಬಿದ್ದಾಗ. ಅನಿಲ್ ಗರ್ದ್ ಸೇವಿಸುವವರ ನಡುವೆ ತಿರುಗಾಡಿ ಲೇಖನಮಾಲೆ ಬರೆದರು. ಅದನ್ನು ಓದಿ ಕಳವಳಗೊಂಡವರಲ್ಲಿ ಮರಾಠಿಯ ಮೇರು ಲೇಖಕ ಪು.ಲ. ದೇಶಪಾಂಡೆ ಮತ್ತು ಅವರ ಪತ್ನಿ ಸುನೀತಾ ಕೂಡ ಇದ್ದರು. ಪು.ಲ. ನಮಗೂ ಅಪರಿಚಿತರಲ್ಲ, ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದವರು. ಈ ಹುಡುಗರಿಗಾಗಿ ಏನಾದರೂ ಮಾಡಿ ಎಂದು ದಂಪತಿ ತಮ್ಮ ಪ್ರತಿಷ್ಠಾನದಿಂದ ಒಂದು ಲಕ್ಷ ರೂಪಾಯಿ ಕೊಟ್ಟರು. 1986ರ ಆಗಸ್ಟ್ 29ರಂದು, ಮಾನಸಿಕ ಆಸ್ಪತ್ರೆಯ ಆವರಣದಲ್ಲೇ ಮುಕ್ತಾಂಗಣ ಶುರುವಾಯಿತು.

ಮೂವತ್ತೈದು ದಿನ

ಇಲ್ಲಿನ ವಾಸ 35 ದಿನಗಳದ್ದು. ಬ್ರೌನ್ ಶುಗರ್ ಬಿಟ್ಟವನಿಗೆ ಅರ್ಧ ದಿನ ಕಳೆಯುವಷ್ಟರಲ್ಲಿ ಆಕಳಿಕೆ, ಮೂಗು ಸೋರುವುದು ಶುರು. ಎರಡು ಮೂರನೆಯ ದಿನ ಮೈ ಮುರಿಯುವ ನೋವು, ಭೇದಿ, ವಾಂತಿ, ನಿದ್ದೆಯಿಲ್ಲದ ರಾತ್ರಿ. ಸೇದುವವರ ಮಾತಿನಲ್ಲಿ ಇದು ‘ಟರ್ಕಿ’. ವೈದ್ಯರ ಆರೈಕೆ, ಔಷಧಿ ಇದ್ದರೆ ವಾರ ಹತ್ತು ದಿನದಲ್ಲಿ ದೇಹ ಸುಧಾರಿಸುತ್ತದೆ. ‘ಈಗ ಸರಿಹೋದ, ಮನೆಗೆ ಕರೆದುಕೊಂಡು ಹೋಗೋಣ’ ಎಂದು ಹೆತ್ತವರು ಆತುರಪಡುವುದು ಇಲ್ಲೇ. ನಿಜವಾದ ಕೆಲಸ ಆರಂಭವಾಗುವುದೂ ಇಲ್ಲಿಂದಲೇ.

ಬೆಳಿಗ್ಗೆ ಬೇಗ ಏಳುವುದು, ಯೋಗ, ಪ್ರಾಣಾಯಾಮ. ಗುಂಪಾಗಿ ಕೂತು ಮಾತಾಡುವುದು, ಸಮಾಲೋಚಕರ ಜತೆ ಒಬ್ಬೊಬ್ಬರೇ ಮಾತಾಡುವುದು, ಹಾಡು, ಆಟ. ಕಸ ಗುಡಿಸುವಂಥ ಕೆಲಸಗಳಲ್ಲಿ ಎಲ್ಲರಿಗೂ ಪಾಲು. ವರ್ಷಗಟ್ಟಲೆ ಮುಂದಿನ ಪುಡಿಕೆಗೆ ದುಡ್ಡು ಹೊಂದಿಸುವುದೊಂದೇ ದಿನಚರಿಯಾಗಿದ್ದವನಿಗೆ, ಹೊತ್ತಿಗೆ ಸರಿಯಾಗಿ ಉಣ್ಣುವುದು ಮಲಗುವುದೂ ಹೊಸದಾಗಿ ಕಲಿಯಬೇಕಾದ ಪಾಠ. ಕೊಳಲು ನುಡಿಸುತ್ತ, ಕಾಗದ ಮಡಚಿ ಒರಿಗಾಮಿ ಮಾಡುತ್ತ, ಕಟ್ಟಿಗೆ ಕೆತ್ತುತ್ತ ಬದುಕಿದ ಅನಿಲ್ ಅವಚಟರಿಗೆ ಇಲ್ಲಿನ ಹುಡುಗರು ‘ಬಾಬಾ’ ಎನ್ನುತ್ತಿದ್ದರು. ನಶೆ ಕೊಡುತ್ತಿದ್ದ ಖುಷಿಯ ಜಾಗಕ್ಕೆ ಬೇರೊಂದು ಖುಷಿ ಬಾರದೆ ಆ ಜಾಗ ಸುಮ್ಮನೆ ಖಾಲಿ ಉಳಿಯುವುದಿಲ್ಲ ಎಂಬುದನ್ನು ಅವರು ಬದುಕಿಯೇ ತೋರಿಸಿದರು.

ಇಲ್ಲಿ ಹೊಡೆತವಿಲ್ಲ. ಕೆಲಸಗಾರರಲ್ಲಿ ಬಹಳಷ್ಟು ಮಂದಿ ಒಂದು ಕಾಲಕ್ಕೆ ಇಲ್ಲೇ ಚಿಕಿತ್ಸೆಗೆ ಬಂದವರು. ‘ನಿಮಗೇನು ಗೊತ್ತು ನನ್ನ ಕಷ್ಟ’ ಎಂದು ಡಾಕ್ಟರ ಮುಂದೆ ಸಿಡುಕುವ ಹುಡುಗ, ತನ್ನಂತೆಯೇ ಮನೆಯ ಪಾತ್ರೆ ಮಾರಿ ಸೇದಿದ್ದವನ ಮುಂದೆ ಹಾಗೆನ್ನಲಾರ. ಮುಕ್ತಾಂಗಣದ ದೊಡ್ಡ ಬಲವಿರುವುದು ಇದರಲ್ಲಿ.

ಮನೆಯವರ ಪಾಲು

ಒಬ್ಬ ವ್ಯಸನಿಯಾದರೆ ಇಡೀ ಮನೆ ಕಾಯಿಲೆ ಬೀಳುತ್ತದೆ. ಅಪ್ಪನಿಗೆ ತಿಳಿಯದಂತೆ ಅಮ್ಮ ದುಡ್ಡು ಕೊಡುತ್ತಾಳೆ, ಸಾಲಗಾರರ ಮುಂದೆ ಸುಳ್ಳು ಹೇಳುತ್ತಾಳೆ. ಅಪ್ಪ ಹೊಡೆಯುತ್ತಾನೆ, ಇಲ್ಲವೇ ಮಾತು ಬಿಡುತ್ತಾನೆ. ಮಗ ಬಿಟ್ಟು ಬಂದ ಮೇಲೂ ಅವನ ಜೇಬು ತಡಕುವುದು ನಿಲ್ಲುವುದಿಲ್ಲ. ಮುಕ್ತಾಂಗಣ ಮನೆಯವರನ್ನೂ ಕೂರಿಸಿಕೊಂಡು ಮಾತಾಡುತ್ತದೆ. ವ್ಯಸನಿಗಳ ಹೆಂಡತಿಯರಿಗೆ ‘ಸಹಚರಿ’ ಎಂಬ ಬಳಗವಿದೆ. ವ್ಯಸನಕ್ಕೆ ಬಿದ್ದ ಹೆಣ್ಣುಮಕ್ಕಳಿಗೆ ‘ನಿಶಿಗಂಧ’ ಎಂಬ ಪ್ರತ್ಯೇಕ ವಿಭಾಗವಿದೆ. ಬಯ್ಗುಳಕ್ಕೆ ಹೆದರಿ ಹೆಣ್ಣುಮಕ್ಕಳು ಗಂಡಸರಿಗಿಂತ ತಡವಾಗಿ ಚಿಕಿತ್ಸೆಗೆ ಬರುತ್ತಾರಾದ್ದರಿಂದ ಇದು ಬೇಕೇ ಬೇಕಾಗಿತ್ತು.

ಮತ್ತೆ ಜಾರಿದರೆ

ಮೂವತ್ತಾರನೆಯ ದಿನ ಅದೇ ಓಣಿ, ಅದೇ ಗೆಳೆಯರು. ಅನೇಕರು ಜಾರುತ್ತಾರೆ. ವ್ಯಸನ ಸಕ್ಕರೆ ಕಾಯಿಲೆಯ ಹಾಗೆ ದೀರ್ಘಕಾಲದ, ಮರುಕಳಿಸಬಹುದಾದ ರೋಗವೆಂದು ವೈದ್ಯಶಾಸ್ತ್ರ ಹೇಳುತ್ತದೆ; ಜಾರಿದವನನ್ನು ‘ನಿನ್ನ ಹಣೆಬರಹವೇ ಇಷ್ಟು’ ಎಂದು ಹೊರದಬ್ಬಿದರೆ ರೋಗಕ್ಕೇ ಗೆಲುವು. ಅದಕ್ಕಾಗಿಯೇ ಮುಕ್ತಾಂಗಣ ಬೇರೆ ಬೇರೆ ಊರುಗಳಲ್ಲಿ ಫಾಲೋಅಪ್ ಸಭೆ ನಡೆಸುತ್ತದೆ. ಹೆತ್ತವರಿಗೆ ಗೊತ್ತಿರಲೇಬೇಕಾದ ಅಪಾಯವೊಂದಿದೆ. ಕೆಲವು ವಾರ ಬಿಟ್ಟಿದ್ದವನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೆರಾಯಿನ್ನಿಗೆ ಮರಳಿದವನು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಂತು ಸಾಯಬಹುದು. ಜಾರಿದ್ದನ್ನು ಹೆದರದೆ ಹೇಳಿಕೊಳ್ಳುವ ಧೈರ್ಯವನ್ನು ಮಗನಿಗೆ ಮನೆಯವರು ಕೊಟ್ಟರೆ ಜೀವ ಉಳಿಯುತ್ತದೆ.

ಈ ಮನೆ ಕಟ್ಟಿದ ಇಬ್ಬರೂ ಈಗಿಲ್ಲ. ಅನಿತಾ 1997ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅನಿಲ್ 2022ರ ಜನವರಿಯಲ್ಲಿ ಹೋದರು. ಮಗಳು ಮುಕ್ತಾ ಪುಣತಾಂಬೇಕರ್ ಕೇಂದ್ರವನ್ನು ಮುನ್ನಡೆಸಿದ್ದಾರೆ.

ನಮ್ಮಲ್ಲಿ ಎಲ್ಲಿಗೆ ಹೋಗಬೇಕು?

ಕರ್ನಾಟಕದವರು ಇದಕ್ಕಾಗಿ ಪುಣೆಗೇ ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಧಾರವಾಡದ ಡಿಮ್ಹಾನ್ಸ್‌ನಲ್ಲೂ ಕೇಳಬಹುದು. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮನಸ್ 14416.

ಪೊಲೀಸರ ಭಯದಿಂದ ಮಗನನ್ನು ಬಚ್ಚಿಡಬೇಡಿ. ಸ್ವಂತ ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮುಂದೆ ಬಂದು ಚಿಕಿತ್ಸೆಯನ್ನು ಪೂರ್ತಿ ಪಡೆದರೆ, 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಆಗಿದೆಯೇ? ವೈದ್ಯರು ಬರುತ್ತಾರೆಯೇ? ಮಗನನ್ನು ನಾವು ನೋಡಲು ಬಿಡುತ್ತೀರಾ? ಕೂಡಿಹಾಕಿ ಹೊಡೆಯುವ ಕಡೆ ಯಾರನ್ನೂ ಬಿಟ್ಟು ಬರಬೇಡಿ. ಹೊಡೆತದಿಂದ ಬಿಡುವುದಾಗಿದ್ದರೆ ಮನೆಯಲ್ಲಿ ಬಿದ್ದ ಪೆಟ್ಟಿಗೇ ಬಿಟ್ಟಿರುತ್ತಿದ್ದರು. ಮುಕ್ತಾಂಗಣ ನಾಲ್ಕು ದಶಕಗಳಿಂದ ನಂಬಿಕೆ ಇಟ್ಟು ಕೆಲಸ ಮಾಡಿದೆ, ಹುಡುಗರು ಬದುಕಿದ್ದಾರೆ. ನಮ್ಮ ಪ್ರತಿ ಜಿಲ್ಲೆಗೂ ಅಂಥದೊಂದು ಮನೆ ಬೇಕು.