ಐದು ನಿಮಿಷದ ಕೆಲಸಕ್ಕೆ ಶೋರೂಮಿನ ಬಿಲ್ಲೇಕೆ? ಕಾರಿನ ವೈಪರ್ ಬ್ಲೇಡ್ ನೀವೇ ಬದಲಿಸಿ

ಗುಳೇದಗುಡ್ಡ: ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಬಾದಾಮಿಯಿಂದ ಗುಳೇದಗುಡ್ಡದ ಕಡೆಗೆ ಕಾರಿನಲ್ಲಿ ಬರುತ್ತಿದ್ದೀರಿ. ದಿಢೀರನೆ ಮಳೆ ಹಿಡಿಯುತ್ತದೆ. ತಿಂಗಳುಗಟ್ಟಲೆ ಮುಟ್ಟದೇ ಇದ್ದ ವೈಪರ್ ಚಾಲೂ ಮಾಡುತ್ತೀರಿ. ಅದು ಕಿರ್ರೆಂದು ಸದ್ದು ಮಾಡುತ್ತಾ ನೀರನ್ನು ಒರೆಸುವ ಬದಲು ಮಣ್ಣಿನ ರಾಡಿಯನ್ನು ಗಾಜಿನ ತುಂಬ ಬಳಿಯುತ್ತದೆ. ಎದುರಿಗೆ ಬರುವ ಬಸ್ಸಿನ ದೀಪದ ಬೆಳಕು ಆ ಗೆರೆಗಳ ಮೇಲೆ ಬಿದ್ದು ಚೆದುರಿ ಹೋಗುತ್ತದೆ. ರಸ್ತೆಯ ಅಂಚು ಎಲ್ಲಿ, ಅದರ ಮೇಲೆ ದೀಪವಿಲ್ಲದೆ ನಡೆದು ಹೋಗುತ್ತಿರುವವರು ಎಲ್ಲಿ ಎಂಬುದು ಕಾಣದಂತಾಗುತ್ತದೆ.

ಮಳೆ ನಿಂತ ಮರುದಿನ ಈ ಸಂಗತಿ ಮರೆತೇ ಹೋಗುತ್ತದೆ. ಮುಂದಿನ ಸರ್ವಿಸ್‌ನಲ್ಲಿ ಹೇಳಿದರಾಯಿತು ಎಂದುಕೊಳ್ಳುತ್ತೇವೆ. ಆ ಸರ್ವಿಸ್ ಬರುವುದು ನಾಲ್ಕೈದು ತಿಂಗಳ ನಂತರ, ಮಳೆಗಾಲ ಮುಗಿದ ಮೇಲೆ. ಅಲ್ಲಿ ಬಿಲ್ಲಿನ ಕೊನೆಯ ಸಾಲುಗಳಲ್ಲಿ ವೈಪರ್ ಬ್ಲೇಡಿನ ದರ ಕಂಡು ಹುಬ್ಬೇರಿಸುತ್ತೇವೆ. ವಾಸ್ತವದಲ್ಲಿ ಕಾರಿನ ಇಡೀ ಮೈಯಲ್ಲಿ ಯಾವ ಉಪಕರಣವೂ ಇಲ್ಲದೆ, ಬರಿಗೈಯಲ್ಲಿ, ಮನೆಯ ಅಂಗಳದಲ್ಲೇ ಬದಲಿಸಬಹುದಾದ ಕೆಲವೇ ಭಾಗಗಳಲ್ಲಿ ವೈಪರ್ ಬ್ಲೇಡ್ ಒಂದು.

ಬಿಸಿಲೇ ಮೊದಲ ಶತ್ರು

ವೈಪರ್ ಮಳೆಯಿಂದ ಸವೆಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ನಮ್ಮ ಸೀಮೆಯ ಮಟ್ಟಿಗೆ ಅದು ಅರ್ಧ ಸತ್ಯ. ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಕೂಡ ಮುಟ್ಟುವುದಿಲ್ಲ. ಕರಾವಳಿಯ ಕಾರಿಗೆ ಹೋಲಿಸಿದರೆ ಇಲ್ಲಿನ ವೈಪರಿಗೆ ದುಡಿಮೆ ತೀರ ಕಡಿಮೆ. ಆದರೂ ಅದು ಬೇಗ ಹಾಳಾಗುತ್ತದೆ. ಕಾರಣ ಬಿಸಿಲು ಮತ್ತು ಧೂಳು.

ಬ್ಲೇಡಿನಲ್ಲಿ ನಿಜವಾಗಿ ಕೆಲಸ ಮಾಡುವುದು ಅದರ ತುದಿಯ ತೆಳುವಾದ ರಬ್ಬರ್ ಅಂಚು. ವೈಪರ್ ಒಂದು ದಿಕ್ಕಿಗೆ ಹೋಗುವಾಗ ಈ ಅಂಚು ಹಿಂದಕ್ಕೆ ಬಾಗಿ ನೀರನ್ನು ಎಳೆದೊಯ್ಯುತ್ತದೆ. ಮರಳುವಾಗ ಇನ್ನೊಂದು ಕಡೆಗೆ ಮಗುಚಿಕೊಳ್ಳುತ್ತದೆ. ಹೀಗೆ ಸಲೀಸಾಗಿ ಮಗುಚಲು ರಬ್ಬರ್ ಮೆದುವಾಗಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿನಲ್ಲಿ ನಿಂತ ಕಾರಿನ ಗಾಜು ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಆ ಕಾದ ಗಾಜಿಗೆ ಇಡೀ ದಿನ ಒತ್ತಿಕೊಂಡೇ ಇರುವ ರಬ್ಬರ್ ಗಡುಸಾಗುತ್ತದೆ, ಒಂದೇ ಕಡೆಗೆ ಬಾಗಿ ನಿಲ್ಲುತ್ತದೆ, ಬಿರುಕು ಬಿಡುತ್ತದೆ. ಸೂರ್ಯನ ಅತಿನೇರಳೆ ಕಿರಣ ಮತ್ತು ಗಾಳಿಯಲ್ಲಿನ ಓಝೋನ್ ಈ ಕ್ಷಯವನ್ನು ಇನ್ನಷ್ಟು ಬೇಗಗೊಳಿಸುತ್ತವೆ.

ಇದರ ಜೊತೆಗೆ ಧೂಳು. ಇಳಕಲ್ ಸುತ್ತಲಿನ ಗ್ರಾನೈಟ್ ಗಣಿಗಳಾಗಲಿ, ಬಾಗಲಕೋಟೆ ಭಾಗದ ಸಿಮೆಂಟ್ ಕಾರ್ಖಾನೆಗಳಾಗಲಿ, ಬಾದಾಮಿಯ ಮರಳುಗಲ್ಲಿನ ಗುಡ್ಡಗಳಾಗಲಿ, ಈ ಭಾಗದ ದಾರಿಯ ಧೂಳಿನಲ್ಲಿ ಕಲ್ಲಿನ ಪುಡಿಗೆ ಕೊರತೆಯಿಲ್ಲ. ಬೆಳಿಗ್ಗೆ ಕಾರು ತೆಗೆಯುವಾಗ ನೀರು ಹಾಕದೆ ಒಣ ಗಾಜಿನ ಮೇಲೆ ವೈಪರ್ ಆಡಿಸಿದರೆ ಆ ಪುಡಿ ಮರಳುಕಾಗದದಂತೆ ವರ್ತಿಸುತ್ತದೆ. ರಬ್ಬರಿನ ಅಂಚೂ ತರಿಯುತ್ತದೆ, ಗಾಜಿನ ಮೇಲೆ ಬಿಲ್ಲಿನಾಕಾರದ ಗೀರೂ ಬೀಳುತ್ತದೆ. ಬ್ಲೇಡು ಹೋದರೆ ನೂರರ ಲೆಕ್ಕ, ಗಾಜು ಹೋದರೆ ಸಾವಿರಗಳ ಲೆಕ್ಕ.

ಬದಲಿಸುವ ಕಾಲ ಬಂದಿದೆಯೇ?

ವೈಪರ್ ತನ್ನ ದುಃಸ್ಥಿತಿಯನ್ನು ತಾನೇ ಹೇಳಿಕೊಳ್ಳುತ್ತದೆ. ಗಾಜಿನ ಮೇಲೆ ತೆಳುವಾದ ನೀರಿನ ಗೆರೆಗಳು ಉಳಿದರೆ ಅಂಚು ತರಿದಿದೆ ಅಥವಾ ಅದಕ್ಕೆ ಕಸ ಅಂಟಿದೆ ಎಂದರ್ಥ. ಬ್ಲೇಡು ಕುಪ್ಪಳಿಸುತ್ತಾ, ಕಟಕಟ ಸದ್ದು ಮಾಡುತ್ತಾ ಸಾಗಿದರೆ ರಬ್ಬರ್ ಗಡುಸಾಗಿದೆ. ಒಂದು ಭಾಗ ಒರೆಸದೇ ಬಿಟ್ಟರೆ ಬ್ಲೇಡಿನ ಚೌಕಟ್ಟು ಬಾಗಿದೆ ಅಥವಾ ತೋಳಿನ ಸ್ಪ್ರಿಂಗ್ ಸೋತಿದೆ.

ಹೊಸದನ್ನು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಒದ್ದೆ ಬಟ್ಟೆಯಿಂದ ರಬ್ಬರಿನ ಅಂಚನ್ನು ಉದ್ದಕ್ಕೂ ಒರೆಸಿ, ಗಾಜನ್ನೂ ಚೆನ್ನಾಗಿ ತೊಳೆಯಿರಿ. ಎಷ್ಟೋ ಸಲ ದೋಷ ಇರುವುದು ಬ್ಲೇಡಿನಲ್ಲಲ್ಲ, ಗಾಜಿಗೆ ಹತ್ತಿದ ಎಣ್ಣೆಯ ಪೊರೆಯಲ್ಲಿ. ತೊಳೆದ ಮೇಲೂ ಗೆರೆ ಉಳಿದರೆ, ಬೆರಳಾಡಿಸಿದಾಗ ಅಂಚಿನಲ್ಲಿ ಬಿರುಕು ಅಥವಾ ತರಿ ಸಿಕ್ಕರೆ ಬದಲಿಸುವುದೇ ದಾರಿ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಬೇಸಿಗೆಯ ಹೊಡೆತ ಮುಗಿದು ಮುಂಗಾರು ಕಾಲಿಡುವ ಮುನ್ನ, ಮೇ ಕೊನೆಯ ವಾರದಲ್ಲಿ ಈ ಕೆಲಸ ಮಾಡಿದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಚಿಂತೆಯಿಲ್ಲ.

ಬಿಲ್ಲಿನ ಲೆಕ್ಕ

ಶೋರೂಂ ಸರ್ವಿಸ್ ಎಂದರೆ ಮೋಸ ಎಂದು ಸಾರಾಸಗಟಾಗಿ ಹೇಳುವುದು ನ್ಯಾಯವಲ್ಲ. ಅಲ್ಲಿನ ಬೆಲೆಯಲ್ಲಿ ಏನೇನು ಸೇರಿದೆ ಎಂಬುದನ್ನು ಬಿಡಿಸಿ ನೋಡಬೇಕು. ಮೊದಲನೆಯದು ಕಾರು ಕಂಪನಿಯ ಹೆಸರು ಹೊತ್ತ ಬಿಡಿಭಾಗದ ಬೆಲೆ. ಕಾರು ಕಂಪನಿಗಳು ಬಹುಮಟ್ಟಿಗೆ ಬ್ಲೇಡುಗಳನ್ನು ತಾವೇ ತಯಾರಿಸುವುದಿಲ್ಲ, ಬಿಡಿಭಾಗ ತಯಾರಕರಿಂದ ಪಡೆದು ತಮ್ಮ ಹೆಸರಿನ ಪೊಟ್ಟಣದಲ್ಲಿ ಮಾರುತ್ತವೆ. ಎರಡನೆಯದು ಲೇಬರ್ ಚಾರ್ಜ್. ಮೂರನೆಯದು ಆ ಕೂಲಿಯ ಮೇಲಿನ ಜಿಎಸ್‌ಟಿ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಶೋರೂಮಿನ ಜೋಡಿ ಬ್ಲೇಡಿನ ಬೆಲೆ 800 ರೂಪಾಯಿ, ಕೂಲಿ 150 ರೂಪಾಯಿ ಎಂದಿಟ್ಟುಕೊಳ್ಳಿ. ಕೂಲಿಯ ಮೇಲೆ ಶೇ.18ರ ತೆರಿಗೆ 27 ರೂಪಾಯಿ. ಒಟ್ಟು 977 ರೂಪಾಯಿ. ಅದೇ ಅಳತೆಯ ಹೆಸರಾಂತ ತಯಾರಕರ ಜೋಡಿ ಬ್ಲೇಡು ಪೇಟೆಯ ಬಿಡಿಭಾಗದ ಅಂಗಡಿಯಲ್ಲಿ 500 ರೂಪಾಯಿಗೆ ಸಿಕ್ಕರೆ ಉಳಿತಾಯ 477 ರೂಪಾಯಿ. ಕಾರಿನ ಮಾದರಿ ಬದಲಾದಂತೆ ಈ ಅಂಕಿಗಳು ಬದಲಾಗುತ್ತವೆ, ಲೆಕ್ಕದ ರೀತಿ ಮಾತ್ರ ಬದಲಾಗುವುದಿಲ್ಲ. ಕೆಲವು ಸರ್ವಿಸ್ ಸೆಂಟರ್‌ಗಳು ವೈಪರ್ ಕೂರಿಸಲು ಕೂಲಿ ಪಡೆಯುವುದಿಲ್ಲ. ಆದ್ದರಿಂದ ಮೊದಲೇ ಕೇಳಿ ತಿಳಿಯುವುದು ಜಾಣತನ.

ಗುಳೇದಗುಡ್ಡದಂತಹ ಊರಿನವರಿಗೆ ಇನ್ನೊಂದು ಖರ್ಚಿದೆ. ಈ ಕೆಲಸಕ್ಕಾಗಿಯೇ ಬಾಗಲಕೋಟೆಗೋ ಹುಬ್ಬಳ್ಳಿಗೋ ಹೋಗಿ ಬರುವುದಾದರೆ ಇಂಧನವೂ ಬೇಕು, ಅರ್ಧ ದಿನವೂ ಬೇಕು. ಐದು ನಿಮಿಷದ ಕೆಲಸಕ್ಕೆ ಅರ್ಧ ದಿನ ಕೊಡಲು ಯಾರಿಗೂ ಮನಸ್ಸಾಗದು. ಹಾಗಾಗಿಯೇ ಅದು ಮುಂದಕ್ಕೆ ಹೋಗುತ್ತದೆ. ಶೋರೂಮನ್ನೇ ನಂಬಿ ಕೂತವರು ನಿಜವಾಗಿ ತೆರುವ ಬೆಲೆ ನಾಲ್ಕುನೂರು ಐನೂರು ರೂಪಾಯಿಯಲ್ಲ, ಒಂದು ಇಡೀ ಮಳೆಗಾಲವನ್ನು ಮಸುಕು ಗಾಜಿನ ಹಿಂದೆ ಕಳೆಯುವುದು.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ.28ರಿಂದ ಶೇ.18ಕ್ಕೆ ಇಳಿದಿದೆ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಯಲ್ಲಿ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಶೋರೂಮಿಗೂ ಇಲ್ಲ, ಅಂಗಡಿಗೂ ಇಲ್ಲ.

ವಾರಂಟಿ ಹೋಗುತ್ತದೆಯೇ?

ಹೊರಗಿನ ಬ್ಲೇಡು ಹಾಕಿದರೆ ವಾರಂಟಿ ರದ್ದಾದೀತು ಎಂಬ ಅಳುಕು ಹಲವರಲ್ಲಿದೆ. ವೈಪರ್ ಬ್ಲೇಡು ಟೈರಿನಂತೆ, ಬ್ರೇಕ್ ಪ್ಯಾಡಿನಂತೆ ಬಳಕೆಯಿಂದ ಸವೆಯುವ ಭಾಗ. ಇಂತಹ ಭಾಗಗಳ ಸಹಜ ಸವೆತಕ್ಕೆ ಸಾಮಾನ್ಯವಾಗಿ ವಾರಂಟಿಯೇ ಇರುವುದಿಲ್ಲ. ಅದನ್ನು ಬದಲಿಸಿದ ಮಾತ್ರಕ್ಕೆ ಎಂಜಿನ್ನಿನ ವಾರಂಟಿಗೆ ಧಕ್ಕೆ ಬರಲು ಕಾರಣವಿಲ್ಲ.

ಈ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ನೀಡಿದ ಆದೇಶ ಗಮನಾರ್ಹವಾದುದು. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ತಡೆದವೆಂಬ ಕಾರಣಕ್ಕೆ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಹೊರಗಿನ ಮೆಕ್ಯಾನಿಕ್ ಬಳಿ ಕೆಲಸ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಹಾಕುವಂತಿಲ್ಲ, ಆ ಕೆಲಸದ ದೋಷದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂಬುದು ಆ ಆದೇಶದ ಸಾರ. ಕಂಪನಿಗಳು ಇದನ್ನು ಪ್ರಶ್ನಿಸಿ ಮೇಲಿನ ಮೆಟ್ಟಿಲು ಹತ್ತಿದವು. ಮುಂದೆ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತ ಅಂತರ್ಜಾಲ ತಾಣವನ್ನೇ ಆರಂಭಿಸಿತು. ಬೆಲೆ ಅಥವಾ ಸೇವೆಯ ಬಗ್ಗೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊಳ್ಳುವ ಮುನ್ನ

ಬ್ಲೇಡುಗಳು ಮುಖ್ಯವಾಗಿ ಮೂರು ಬಗೆ. ಲೋಹದ ಚೌಕಟ್ಟಿನ ಹಳೆಯ ಬಗೆ ಎಲ್ಲಕ್ಕಿಂತ ಅಗ್ಗ. ಚೌಕಟ್ಟಿಲ್ಲದೆ ಒಂದೇ ಪಟ್ಟಿಯಂತಿರುವ ಚಪ್ಪಟೆ ಬಗೆ ಗಾಜಿನ ಬಾಗಿಗೆ ಸಮನಾಗಿ ಒತ್ತಿಕೊಳ್ಳುತ್ತದೆ, ಕೀಲುಗಳಲ್ಲಿ ಧೂಳು ಸೇರುವ ತಾಪತ್ರಯವಿಲ್ಲ, ಬೆಲೆ ತುಸು ಹೆಚ್ಚು. ಮೂರನೆಯದು ಇವೆರಡನ್ನೂ ಸೇರಿಸಿ, ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿದ ಬಗೆ.

ಅಳತೆ ಇಂಚುಗಳಲ್ಲಿರುತ್ತದೆ. ಬಹುತೇಕ ಕಾರುಗಳಲ್ಲಿ ಚಾಲಕನ ಕಡೆಯ ಬ್ಲೇಡು ಉದ್ದ, ಎಡಗಡೆಯದು ಗಿಡ್ಡ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಟೇಪಿನಿಂದ ಅಳೆಯಿರಿ ಅಥವಾ ಕಾರಿನ ಜೊತೆ ಬಂದ ಕೈಪಿಡಿ ನೋಡಿ. ಉದ್ದದ್ದು ಹಾಕಿದರೆ ಹೆಚ್ಚು ಒರೆಸೀತು ಎಂಬ ಆಸೆ ಬೇಡ. ಒಂದಕ್ಕೊಂದು ತಾಗಿ ಮೋಟಾರಿಗೆ ಹೊರೆಯಾದೀತು. ತೋಳಿನ ತುದಿಯ ಕೊಕ್ಕೆ ಯಾವ ಬಗೆಯದು ಎಂಬುದನ್ನೂ ನೋಡಿಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಛತ್ರಿಯ ಹಿಡಿಕೆಯಂತೆ ಬಾಗಿದ ಕೊಕ್ಕೆ. ಸಂಶಯವಿದ್ದರೆ ಹಳೆಯ ಬ್ಲೇಡನ್ನೇ ಅಂಗಡಿಗೆ ಒಯ್ದು ತೋರಿಸಿ. ಹೆಸರಿಲ್ಲದ, ತಯಾರಕರ ವಿಳಾಸವಿಲ್ಲದ ಪೊಟ್ಟಣಕ್ಕೆ ಕೈ ಹಾಕಬೇಡಿ. ಹೆಸರಾಂತ ಕಂಪನಿಗಳ ನಕಲಿ ಮಾಲೂ ಪೇಟೆಯಲ್ಲಿರುತ್ತದೆ, ಬಿಲ್ಲು ಕೇಳಿ ಪಡೆಯಿರಿ.

ಬದಲಿಸುವ ಬಗೆ

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ತೆಗೆಯಿರಿ. ವೈಪರ್ ತೋಳನ್ನು ಗಾಜಿನಿಂದ ಮೇಲಕ್ಕೆ ಎತ್ತಿ ನಿಲ್ಲಿಸಿ. ಕೆಲವು ಹೊಸ ಕಾರುಗಳಲ್ಲಿ ತೋಳು ಬಾನೆಟ್ಟಿನ ಅಂಚಿನ ಕೆಳಗೆ ಅಡಗಿರುತ್ತದೆ. ಅದನ್ನು ಮೇಲೆ ತರುವ ಕ್ರಮ ಕೈಪಿಡಿಯಲ್ಲಿರುತ್ತದೆ, ಬಲವಂತ ಬೇಡ.

ಇಲ್ಲಿ ಮರೆಯಬಾರದ ಎಚ್ಚರಿಕೆಯೊಂದಿದೆ. ಬ್ಲೇಡು ತೆಗೆದ ಬರಿ ತೋಳು ಸ್ಪ್ರಿಂಗಿನ ಬಲದಿಂದ ಗಾಜಿನ ಮೇಲೆ ಫಟ್ಟನೆ ಬಿದ್ದರೆ ಗಾಜು ಸೀಳುತ್ತದೆ. ಆದ ಕಾರಣ ಕೆಲಸ ಆರಂಭಿಸುವ ಮೊದಲೇ ಹಳೆಯ ಟವೆಲನ್ನೋ ಕೌದಿಯನ್ನೋ ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಾಸಿಡಿ.

ಬ್ಲೇಡಿನ ನಡುವೆ ಕೊಕ್ಕೆ ಕೂಡುವಲ್ಲಿ ಚಿಕ್ಕದೊಂದು ಪ್ಲಾಸ್ಟಿಕ್ ಗುಂಡಿ ಅಥವಾ ನಾಲಗೆ ಇರುತ್ತದೆ. ಅದನ್ನು ಒತ್ತಿ ಹಿಡಿದು ಬ್ಲೇಡನ್ನು ತೋಳಿನ ಬುಡದ ಕಡೆಗೆ, ಅಂದರೆ ಕೆಳಮುಖವಾಗಿ ಜಾರಿಸಿ. ಕೊಕ್ಕೆಯಿಂದ ಅದು ಕಳಚಿಕೊಳ್ಳುತ್ತದೆ. ಹೊಸ ಬ್ಲೇಡಿನ ರಬ್ಬರಿಗೆ ರಕ್ಷಣೆಯ ಪ್ಲಾಸ್ಟಿಕ್ ಪಟ್ಟಿಯಿದ್ದರೆ ತೆಗೆಯಿರಿ. ಕೊಕ್ಕೆಯೊಳಗೆ ಸೇರಿಸಿ ಮೇಲ್ಮುಖವಾಗಿ ಎಳೆಯಿರಿ. 'ಟಕ್' ಎಂಬ ಸದ್ದು ಕೇಳಲೇಬೇಕು. ಆ ಸದ್ದಿಲ್ಲದೆ ಕೂರಿಸಿದ ಬ್ಲೇಡು ಮಳೆಯ ನಡುವೆ ಹಾರಿ ಹೋಗಬಹುದು. ಒಮ್ಮೆ ಮೆಲ್ಲಗೆ ಎಳೆದು ನೋಡಿ, ತೋಳನ್ನು ಕೈಯಲ್ಲಿ ಹಿಡಿದೇ ನಿಧಾನವಾಗಿ ಗಾಜಿನ ಮೇಲಿಳಿಸಿ. ಗಾಜಿಗೆ ನೀರು ಚಿಮ್ಮಿಸಿ ನಾಲ್ಕಾರು ಸಲ ಆಡಿಸಿ ಪರೀಕ್ಷಿಸಿ.

ನೀರಿನ ಡಬ್ಬಿಗೆ ಬೋರಿನ ಗಡಸು ನೀರು ತುಂಬುವ ರೂಢಿ ಬಿಡುವುದು ಒಳ್ಳೆಯದು. ಅದರ ಉಪ್ಪು ಗಾಜಿನ ಮೇಲೆ ಬಿಳಿ ಕಲೆಯಾಗಿ ಉಳಿಯುತ್ತದೆ, ಚಿಮ್ಮುವ ರಂಧ್ರವನ್ನೂ ಮುಚ್ಚುತ್ತದೆ. ಶುದ್ಧೀಕರಿಸಿದ ನೀರು, ಅದಕ್ಕೆಂದೇ ಸಿಗುವ ದ್ರಾವಣ ಸಾಕು.

ಶೋರೂಮಿಗೆ ಯಾವಾಗ?

ಹೊಸ ಬ್ಲೇಡು ಹಾಕಿದ ಮೇಲೂ ಸರಿಯಾಗಿ ಒರೆಸದಿದ್ದರೆ ತೋಳಿನ ಸ್ಪ್ರಿಂಗ್, ಕೀಲು ಅಥವಾ ಮೋಟಾರಿನ ದೋಷವಿರಬಹುದು. ವೈಪರ್ ನಡುದಾರಿಯಲ್ಲಿ ನಿಲ್ಲುವುದು, ವೇಗ ಬದಲಾಗದಿರುವುದು, ಮಳೆ ಗುರುತಿಸಿ ತಾನೇ ಚಾಲೂ ಆಗುವ ಸೆನ್ಸರ್ ಕೆಡುವುದು ಇವೆಲ್ಲ ತಿಳಿದ ಮೆಕ್ಯಾನಿಕ್ ನೋಡಬೇಕಾದ ಕೆಲಸ. ವಾರಂಟಿ ಅವಧಿಯಲ್ಲಿ ಮೋಟಾರು ಕೆಟ್ಟರಂತೂ ಶೋರೂಮಿಗೇ ಹೋಗಬೇಕು. ಹಿಂಬದಿ ಗಾಜಿನ ಬ್ಲೇಡಿನ ಕೂರುವಿಕೆ ಕಾರಿನಿಂದ ಕಾರಿಗೆ ಬೇರೆ, ಅದಕ್ಕೆ ಕಂಪನಿಯ ಭಾಗವೇ ಸುಲಭ. ನಿಗದಿತ ಸರ್ವಿಸ್‌ಗೆ ಹೇಗೂ ಹೋಗಿದ್ದು, ಕೂಲಿಯಿಲ್ಲದೆ ಹಾಕಿಕೊಡುವುದಾದರೆ ಅಲ್ಲೇ ಮಾಡಿಸಿದರೂ ನಷ್ಟವಿಲ್ಲ.

ಅಮೆರಿಕದ ಮೇರಿ ಆ್ಯಂಡರ್ಸನ್ ಎಂಬ ಮಹಿಳೆ 1903ರಲ್ಲಿ ವೈಪರಿಗೆ ಪೇಟೆಂಟ್ ಪಡೆದಾಗ ಅದನ್ನು ವಾಹನದೊಳಗಿನಿಂದ ಚಾಲಕನೇ ಕೈಯಾರೆ ಆಡಿಸಬೇಕಿತ್ತು. ಇಂದು ಮೋಟಾರು ಆಡಿಸುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮುಂಗಾಜಿರುವ ಕಾರಿಗೆ ಸಮರ್ಥವಾಗಿ ಕೆಲಸ ಮಾಡುವ ವೈಪರ್ ಇರಲೇಬೇಕು. ಆದರೆ ಅಂಚು ತರಿದ ರಬ್ಬರನ್ನು ಗಮನಿಸುವ ಹೊಣೆ ಇಂದಿಗೂ ಚಾಲಕನದೇ.

ಗುಳೇದಗುಡ್ಡ ಖಣದ ಊರು. ಇಲ್ಲಿನ ನೇಕಾರ ಲಾಳಿ ಸವೆದರೆ, ಹಗ್ಗ ಹರಿದರೆ ಮಗ್ಗವನ್ನೇ ಹೊತ್ತು ಪರ ಊರಿಗೆ ಹೋಗುವುದಿಲ್ಲ. ಸಣ್ಣದನ್ನು ತಾನೇ ಸರಿಪಡಿಸಿಕೊಳ್ಳುತ್ತಾನೆ, ದೊಡ್ಡದಕ್ಕೆ ಮಾತ್ರ ಬಡಿಗೇರನನ್ನು ಕರೆಯುತ್ತಾನೆ. ಕಾರಿನ ಮಾಲೀಕರಿಗೂ ಈ ವಿವೇಕ ಸಾಕು. ಮುಂದಿನ ಭಾನುವಾರ ಬೆಳಿಗ್ಗೆ ಕಾರು ತೊಳೆಯುವಾಗ ಒಮ್ಮೆ ವೈಪರ್ ಎತ್ತಿ ಅಂಚಿನ ಮೇಲೆ ಬೆರಳಾಡಿಸಿ ನೋಡಿ.