ಹಲಗೆಯ ಮೇಲಣ ಹೊಳೆ

ಕಾಪುವಿನ ಬಳಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಿದೆ. ಈಗ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಆತ, ಮನೆಯ ಉಪ್ಪರಿಗೆಯಲ್ಲಿ ಒಂದು ಕಿರುಜಗತ್ತನ್ನು ಕಟ್ಟಿದ್ದಾನೆ. 10 ಅಡಿ ಉದ್ದದ ಹಲಗೆ. ಅದರ ಮೇಲೆ ರೈಲುಹಳಿ, ಬೈಲುಗದ್ದೆ, ತೆಂಗಿನ ಸಾಲು, ಹಂಚಿನ ಮನೆ. ಎಲ್ಲವೂ ಮೂಲದ 87ರಲ್ಲಿ ಒಂದು ಪಾಲು. ಈ ಅಳತೆಯಲ್ಲಿ ಕಾರ್ಕಳದ ಸುಮಾರು 42 ಅಡಿಯ ಗೊಮ್ಮಟನೂ ಆರು ಅಂಗುಲವನ್ನು ಮುಟ್ಟಲಾರ! ಇದಕ್ಕೊಂದು ಸೇತುವೆಯನ್ನು ಸೇರಿಸಬೇಕೆಂದು ಆತ ಹೇಳಿದಾಗ, ಮಕ್ಕಳಾಟಿಕೆಯೆಂದು ನಾನು ನಕ್ಕಿದ್ದುಂಟು.

ಆದರೆ ಆ ಹಂಬಲಕ್ಕೆ ಕಾರಣವಿತ್ತು. ಆತನ ತಂದೆ ಬಹುಕಾಲ ಮುಂಬಯಿಯ ಹೋಟೆಲಿನಲ್ಲಿ ದುಡಿದವರು. 1993ರಲ್ಲಿ ಮಂಗಳೂರು-ಉಡುಪಿಗಳ ನಡುವೆ ಓಡತೊಡಗಿದ ಕೊಂಕಣ ರೈಲು 1998ರಲ್ಲಿ ಮುಂಬಯಿಯವರೆಗೂ ಕೂಡಿಕೊಂಡಿತು. ಅಂದಿನಿಂದ ಸ್ವರ್ಣಾ ನದಿಯ ಸೇತುವೆಯೇ ಅವರ ಪಾಲಿನ ಊರಬಾಗಿಲು. ಅದರ ಸದ್ದು ಕೇಳಿದೊಡನೆ ಗಂಟುಮೂಟೆ ಇಳಿಸಿಕೊಂಡು ಎದ್ದು ನಿಲ್ಲುವರಂತೆ. ಮುಂದಿನದೇ ಉಡುಪಿ ನಿಲ್ದಾಣ.

ಹುಡುಗನು ಮೊದಲು ಹಳಿಯನ್ನೇ ಮೇಲೆತ್ತಿ ಸೇತುವೆಯನ್ನು ಕೂರಿಸಿದ. ಬಂಡಿ ಏರಲಾರದೆ ಜಾರಿತು. ಕೊಂಕಣ ಮಾರ್ಗದ ಏರು 150ಕ್ಕೆ ಒಂದರಷ್ಟು ಮಾತ್ರ. ಆ ಲೆಕ್ಕದಲ್ಲಿ ಹಳಿಯನ್ನು 10 ಸೆಂಟಿಮೀಟರ್ ಎತ್ತಲು 15 ಮೀಟರ್ ದಾರಿ ಬೇಕು. ಉಪ್ಪರಿಗೆಯಲ್ಲಿ ಅದಕ್ಕೆ ಎಡೆಯೆಲ್ಲಿ? ತಂದೆ ಬಂದು ನೋಡಿ, “ಸೇತುವೆ ಚೆನ್ನಾಗಿದೆ ಮಗಾ, ಹೊಳೆ ಎಲ್ಲಿ?” ಎಂದರಂತೆ.

ಆ ಮಾತಿನಿಂದ ಆತನ ಕಣ್ಣು ತೆರೆಯಿತು. ಎತ್ತಬೇಕಾದುದು ಹಳಿಯನ್ನಲ್ಲ, ತಗ್ಗಿಸಬೇಕಾದುದು ನೆಲವನ್ನು. ಆದರೆ ಅದಕ್ಕಾಗಿ ಎರಡು ವರ್ಷ ಕೂತು ಮಾಡಿದ ಗದ್ದೆ, ಮನೆ, ತೋಟಗಳನ್ನು ಕಳೆದುಕೊಳ್ಳಬೇಕು! ಒಂದು ವಾರ ಸುಮ್ಮನಿದ್ದು, ಕೊನೆಗೆ ಗರಗಸ ಹಿಡಿದು ಹಲಗೆಯ ನಟ್ಟನಡುವೆಯೇ ಕೊಯ್ದ.

ಬಳಿಕ ನಾವಿಬ್ಬರೂ ಸ್ವರ್ಣೆಯ ದಂಡೆಗೆ ಹೋದೆವು. ಅದೆಷ್ಟೋ ಸಲ ದಾಟಿದ ಸೇತುವೆಯನ್ನು ನಾನು ಕಣ್ತುಂಬ ಕಂಡದ್ದು ಅಂದೇ. ಕಂಬಗಳಲ್ಲಿ ನೀರು ಏರಿಳಿದು ಬರೆದ ಕಪ್ಪು ಗೆರೆ. 2022ರಲ್ಲಿ ಪೂರ್ಣಗೊಂಡ ವಿದ್ಯುದೀಕರಣದ ತಂತಿಗಂಬಗಳು. ತೊಲೆ ತೊಲೆಗಳ ನಡುವೆ ಸಣ್ಣ ಸಂದು. “ಈ ಸಂದು ಯಾಕೆ ಗೊತ್ತುಂಟಾ ಸಾರ್?” ಎಂದು ಆತನೇ ನನಗೆ ಮೇಷ್ಟ್ರಾದ. 30 ಮೀಟರ್ ಉದ್ದದ ಕಾಂಕ್ರೀಟ್ ತೊಲೆ 20 ಡಿಗ್ರಿಯಷ್ಟು ಕಾದರೆ ಆರೇಳು ಮಿಲಿಮೀಟರ್ ಹಿಗ್ಗುವುದಂತೆ. ಹಿಗ್ಗಲು ಎಡೆಗೊಡದಿದ್ದರೆ ಬಿರುಕು ತಪ್ಪದು. ಮನುಷ್ಯರ ನಡುವಣ ಮಾತೂ ಹಾಗೆಯೇ ಅಲ್ಲವೇ?

ಕಂಡದ್ದನ್ನೆಲ್ಲ ತರುವುದು ಸಾಧ್ಯವಿಲ್ಲ. ಹೊನ್ನಾವರದ ಶರಾವತಿ ಸೇತುವೆಯ ಉದ್ದ 2 ಕಿಲೋಮೀಟರಿಗೂ ಮಿಕ್ಕಿದ್ದು. 87ರಲ್ಲಿ ಒಂದು ಪಾಲಿಗೆ ಇಳಿಸಿದರೂ ಸುಮಾರು 24 ಮೀಟರ್ ಆದೀತು! ಆದುದರಿಂದ ಆತ ಮೂರೇ ಅಂಕಣಗಳನ್ನು ಆರಿಸಿಕೊಂಡ; ಆದರೆ ಆ ಕಪ್ಪು ಗೆರೆಯನ್ನೂ ಸಂದನ್ನೂ ಬಿಡಲಿಲ್ಲ. ಪಾರದರ್ಶಕ ರಾಳವನ್ನು ತೆಳ್ಳಗೆ, ಪದರಪದರವಾಗಿ ಹೊಯ್ದು ಹೊಳೆಯನ್ನು ತಂದ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕ ಕವಿಗೆಷ್ಟು ಬೇಕೋ ಈ ಕೆಲಸಕ್ಕೂ ಅಷ್ಟೇ ಬೇಕು. ನಾನು ತರಗತಿಯಲ್ಲಿ ವರ್ಷವಿಡೀ ಹೇಳುವ ಪಾಠವನ್ನು ಆತ ಹಲಗೆಯ ಮೇಲೆ ಮಾಡಿ ತೋರಿಸಿದ್ದ.

ಕಳೆದ ಭಾನುವಾರ ರೈಲು ಆ ಹೊಳೆಯನ್ನು ದಾಟಿತು. ಗೋಡೆಗೊರಗಿ ಕುಳಿತಿದ್ದ ತಂದೆ ಏನನ್ನೂ ನುಡಿಯಲಿಲ್ಲ. ಬಂಡಿ ಮೂರನೆಯ ಅಂಕಣಕ್ಕೆ ಬರುತ್ತಲೇ ಮೆಲ್ಲನೆದ್ದು, ಹೆಗಲ ಮೇಲಣ ಬೈರಾಸನ್ನು ಸರಿಪಡಿಸಿಕೊಂಡು ನಿಂತರು.